ಸಣ್ಣ ಡಿಸೈನ್ ಅಂಗಡಿಗೂ ಒಂದು ನೆಮ್ಮದಿಯ ರಜೆ

(ಡಿಸೈನ್ ಮತ್ತು ಡಿಟಿಪಿ, ಅಂದರೆ ಕಂಪ್ಯೂಟರಿನಲ್ಲಿ ಅಕ್ಷರ ಕೂರಿಸಿ ಪುಟ ಕಟ್ಟುವ ಕೆಲಸ, ಮಾಡುವವರ ಮುಂದೆ ಕಾಸರಗೋಡಿನಲ್ಲಿ ಆಡಿದ ಮಾತಿನ ಬರಹ ರೂಪ)

ರಜೆ ಯಾವಾಗ ಅನ್ನುವುದರಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ನಮ್ಮಲ್ಲಿ ಹೆಚ್ಚಿನವರು ರಜೆಯ ದಿನವನ್ನು ತಾವಾಗಿ ಆರಿಸುವುದೇ ಇಲ್ಲ. ಮಕ್ಕಳ ಶಾಲೆಗೆ ರಜೆ ಸಿಕ್ಕಿತು, ಹೊರಟೆವು. ತಂಗಿಯ ಮನೆಯಲ್ಲಿ ಪೂಜೆ ಇತ್ತು, ಹೊರಟೆವು. ಅಂಗಡಿಯಲ್ಲಿ ಯಾವ ಕೆಲಸ ಎಲ್ಲಿಗೆ ಬಂದು ನಿಂತಿದೆ ಅಂತ ನೋಡಲು ಪುರುಸೊತ್ತೇ ಇರುವುದಿಲ್ಲ. ಆಮೇಲೆ ಬಸ್ಸಿನಲ್ಲಿ ಕೂತು ಫೋನಿನಲ್ಲೇ ಪ್ರೂಫ್, ಅಂದರೆ ಅಚ್ಚಿಗೆ ಮೊದಲು ತಿದ್ದಲು ತೆಗೆದ ಪ್ರತಿ, ನೋಡುವುದು, ಊಟದ ಪಂಕ್ತಿಯಿಂದ ಎದ್ದುಹೋಗಿ ಪ್ರೆಸ್ಸಿನವರಿಗೆ ಉತ್ತರ ಕೊಡುವುದು. ನಿಮಗೆಲ್ಲ ಗೊತ್ತಿರುವ ಕಥೆಯೇ ಇದು.

ನಾನಿರುವುದು ಬದಿಯಡ್ಕದಲ್ಲಿ. ಇಲ್ಲಿ ಕೂತವರಲ್ಲಿ ಕುಂಬಳೆ, ಉಪ್ಪಳ, ಮುಳ್ಳೇರಿಯ, ಪೆರ್ಲ ಕಡೆಯವರಿದ್ದೀರಿ. ಎಲ್ಲರದ್ದೂ ಒಬ್ಬರೇ ಅಥವಾ ಇಬ್ಬರು ಸೇರಿ ನಡೆಸುವ ಅಂಗಡಿ. ಹೇಳಿಕೆ ಕಾಗದ, ಅಂದರೆ ಆಮಂತ್ರಣ ಪತ್ರ, ಮಾಡುವವರೂ ನಾವೇ, ಬಿಲ್ ಬರೆಯುವವರೂ ನಾವೇ, ಸಂಜೆ ಬಾಗಿಲು ಹಾಕುವವರೂ ನಾವೇ. ಇಂಥ ಅಂಗಡಿಯ ಕೆಲಸ ಅರ್ಧ ಕಂಪ್ಯೂಟರಿನಲ್ಲಿದ್ದರೆ ಅರ್ಧ ನಮ್ಮ ತಲೆಯಲ್ಲಿರುತ್ತದೆ. ಹೋದಲ್ಲಿಗೆಲ್ಲ ನಮ್ಮ ಜೊತೆಗೇ ಬರುವುದು ಆ ತಲೆಯಲ್ಲಿರುವ ಅರ್ಧ. ಅದನ್ನು ಇಳಿಸಿಟ್ಟು ಹೋಗುವುದು ಹೇಗೆ ಅಂತ ಇವತ್ತು ಮಾತಾಡೋಣ.

ಮೊದಲು ನಮ್ಮ ವರ್ಷ ಹೇಗೆ ತಿರುಗುತ್ತದೆ ನೋಡಿ. ಮಲಯಾಳ ಪಂಚಾಂಗದ ತುಲಾ ತಿಂಗಳ 10ಕ್ಕೆ, ಅಂದರೆ ಅಕ್ಟೋಬರ್ ಕೊನೆಗೆ, ತೆಯ್ಯಂ ಶುರುವಾಗುತ್ತದೆ. ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಡಿಸೆಂಬರಿನಿಂದ ಮೇವರೆಗೆ ದೇವಸ್ಥಾನಗಳ ಬ್ರಹ್ಮಕಲಶ, ಜಾತ್ರೆ, ನೇಮ, ಕಳಿಯಾಟ, ಉರೂಸ್, ಶಾಲೆಗಳ ವಾರ್ಷಿಕೋತ್ಸವ. ಏಪ್ರಿಲ್, ಮೇ ಅಂದರೆ ಮದುವೆ. ಮೇ ಕೊನೆಯ ಪತ್ತನಾಜೆಗೆ, ಅಂದರೆ ತುಳುವರು ಉತ್ಸವಗಳನ್ನು ನಿಲ್ಲಿಸುವ ದಿನಕ್ಕೆ, ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸುತ್ತವೆ. ಜೂನ್ ಮೊದಲಿಗೆ ಕೇರಳದ ಶಾಲೆಗಳು ತೆರೆಯುತ್ತವೆ. ಶಾಲಾ ಡೈರಿ, ಗುರುತಿನ ಚೀಟಿ, ರಶೀದಿ ಪುಸ್ತಕದ ಕೆಲಸ ಆಗ. ಆಮೇಲೆ ಆಟಿ, ತುಳುವರ ಮಳೆಗಾಲದ ತಿಂಗಳು.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮದುವೆ ಇಲ್ಲ, ಗೃಹಪ್ರವೇಶ ಇಲ್ಲ. ಹೇಳಿಕೆ ಕಾಗದದ ಕೆಲಸ ಹೆಚ್ಚುಕಡಿಮೆ ನಿಂತೇಹೋಗುತ್ತದೆ. ಆಟಿ ಮುಗಿದ ಕೂಡಲೇ ಓಣಂ ಜಾಹೀರಾತು, ಅಷ್ಟಮಿಯ ಮೊಸರು ಕುಡಿಕೆ, ಚೌತಿ, ಶಾರದೋತ್ಸವ, ಒಂದರ ಬೆನ್ನಿಗೆ ಇನ್ನೊಂದು. ಹಾಗಾಗಿ ರಜೆಗೆ ನಮ್ಮ ಊರು ತಾನಾಗಿಯೇ ಮಾಡಿಕೊಟ್ಟ ಜಾಗ ಆಟಿ. ಮಳೆಯಲ್ಲಿ ಎಲ್ಲಿಗೆ ಹೋಗುವುದು ಅಂತ ಕೇಳುತ್ತೀರಿ. ಎಲ್ಲಿಗೂ ಹೋಗಬೇಕಾಗಿಲ್ಲ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆದರೆ ಎಲ್ಲರಿಗೂ ಆಟಿ ಖಾಲಿ ಇರುವುದಿಲ್ಲ, ಅಲ್ವಾ? ಉಪ್ಪಳದಲ್ಲೋ ಕಾಸರಗೋಡು ಪೇಟೆಯಲ್ಲೋ ಅಂಗಡಿ ಇದ್ದವರು ತಲೆ ಅಲ್ಲಾಡಿಸುತ್ತಿದ್ದೀರಿ. ಗಲ್ಫಿನಲ್ಲಿ ಶಾಲೆಗೆ ರಜೆ ಸಿಗುವುದು ಜುಲೈ, ಆಗಸ್ಟಿನಲ್ಲಿ. ಅಲ್ಲಿರುವ ಕುಟುಂಬಗಳು ಊರಿಗೆ ಬರುವುದು ಆಗ. ನಿಕಾಹ್, ಹೊಸ ಮನೆ ಒಕ್ಕಲು ಎಲ್ಲ ಆಗಲೇ ಇಟ್ಟುಕೊಳ್ಳುತ್ತಾರೆ. ನಿಮ್ಮ ಗಿರಾಕಿಗಳು ಅವರಾದರೆ ಆಟಿಯಲ್ಲಿ ನಿಮಗೆ ಉಸಿರಾಡಲು ಬಿಡುವಿಲ್ಲ. ನಿಮಗೆ ಮದುವೆ ಕಾಗದದ ಕೆಲಸ ಕಡಿಮೆ ಇರುವುದು ರಂಜಾನ್ ತಿಂಗಳಲ್ಲಿ. ಆದರೆ ರಂಜಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಆದ್ದರಿಂದ ಹೋದ ವರ್ಷದ ತಾರೀಕನ್ನೇ ಹಿಡಿದುಕೊಂಡು ಕೂರುವ ಹಾಗಿಲ್ಲ. ಚುನಾವಣೆಯನ್ನೂ ನೋಡಬೇಕು. ಕೇರಳದ ಪಂಚಾಯತ್ ಚುನಾವಣೆ 2020ರಲ್ಲೂ 2025ರಲ್ಲೂ ಡಿಸೆಂಬರಿನಲ್ಲಿ ಬಂತು. ಆ ವರ್ಷಗಳಲ್ಲಿ ಕ್ರಿಸ್‌ಮಸ್ ಹತ್ತಿರ ಬರುವವರೆಗೂ ಪೋಸ್ಟರಿನ ಕೆಲಸವೇ ಕೆಲಸ.

ಇನ್ನೊಂದು, ಗಡಿಯಲ್ಲಿರುವ ನಮಗೆ ಮಾತ್ರ ಇರುವ ತೊಡಕು. ನಮ್ಮ ಫೈಲುಗಳಲ್ಲಿ ಎಷ್ಟೋ ಗಡಿಯ ತಲಪಾಡಿ ದಾಟಿ ಮಂಗಳೂರಿನ ಪ್ರೆಸ್ಸಿಗೆ ಹೋಗುತ್ತವೆ. ಕ್ಯಾಲೆಂಡರ್ ಮಾಡಿಸುವವರು ಶಿವಕಾಶಿಗೆ ಕೊಡುತ್ತಾರೆ. ಓಣಂಗೆ ಇಲ್ಲಿಯ ಪ್ರೆಸ್ಸು ಮುಚ್ಚಿದ್ದರೆ ಅಲ್ಲಿಯದು ತೆರೆದಿರುತ್ತದೆ. ನವೆಂಬರ್ 1ಕ್ಕೆ ಕರ್ನಾಟಕದಲ್ಲಿ ರಾಜ್ಯೋತ್ಸವದ ರಜೆ. ಅದೇ ದಿನ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ, ಆದರೆ ಇಲ್ಲಿ ಸಾರ್ವಜನಿಕ ರಜೆ ಇಲ್ಲ. ಹಾಗಾಗಿ ಗೋಡೆಯ ಮೇಲೆ ಎರಡು ರಾಜ್ಯದ ಕ್ಯಾಲೆಂಡರನ್ನೂ ತೂಗುಹಾಕಿ. ಪ್ರೆಸ್ಸಿನ ರಜೆಯೂ ನಿಮ್ಮ ರಜೆಯೂ ಒಂದಕ್ಕೊಂದು ತಾಗಿಕೊಂಡು ಬಂದರೆ ತುಂಬ ಒಳ್ಳೆಯದು. ಆ ಕಡೆಯಿಂದ ಫೋನೇ ಬರುವುದಿಲ್ಲ.

ದಿನ ಗೊತ್ತಾಯಿತು. ಈಗ ಗಿರಾಕಿಗಳಿಗೆ ಹೇಳಬೇಕು. ಇದರಲ್ಲಿ ನಾವು ಹಿಂಜರಿಯುತ್ತೇವೆ. ರಜೆ ಅಂದರೆ ಕೆಲಸ ಬೇರೆಯವರಿಗೆ ಹೋಗಿಬಿಡುತ್ತದೆ ಅನ್ನುವ ಹೆದರಿಕೆ. ಅದಕ್ಕೆ ಹೊರಡುವ ಹಿಂದಿನ ದಿನ ಮೆಲ್ಲಗೆ ಒಂದು ಸ್ಟೇಟಸ್ ಹಾಕುತ್ತೇವೆ. ಅಷ್ಟರಲ್ಲಿ ಕಾಲ ಮೀರಿರುತ್ತದೆ. ಗಿರಾಕಿಗೆ ಬೇಕಾದದ್ದು ನಿಮ್ಮ ರಜೆಯ ತಾರೀಕಲ್ಲ, ತನ್ನ ಕೆಲಸದ ತಾರೀಕು. ಅದನ್ನೇ ಮುಂದಿಟ್ಟು ಬರೆಯಿರಿ. ಒಂದು ಮಾದರಿ ಓದುತ್ತೇನೆ, ಇದರಲ್ಲಿ ಮ್ಯಾಟರ್ ಅಂದರೆ ಅಚ್ಚು ಮಾಡಬೇಕಾದ ಬರಹ: "ಜುಲೈ 20ರಿಂದ 30ರವರೆಗೆ ನಮ್ಮ ಅಂಗಡಿಗೆ ರಜೆ. ಆ ದಿನಗಳಲ್ಲಿ ನಿಮಗೆ ಬೇಕಾಗುವ ಕೆಲಸ ಇದ್ದರೆ ಜುಲೈ 5ರ ಒಳಗೆ ಮ್ಯಾಟರ್ ಕೊಡಿ. 10ಕ್ಕೆ ಪ್ರೂಫ್ ಕೊಡುತ್ತೇವೆ. 15ರ ನಂತರ ತಿದ್ದಲು ಆಗುವುದಿಲ್ಲ. 31ರಿಂದ ಹೊಸ ಕೆಲಸ ತೆಗೆದುಕೊಳ್ಳುತ್ತೇವೆ." ಇಷ್ಟೇ. ಕ್ಷಮೆ ಕೇಳಬೇಡಿ. ಕಾರಣ ಹೇಳಬೇಡಿ. ಕಾರಣ ಹೇಳಿದರೆ ಅದರ ಮೇಲೆ ಚೌಕಾಶಿ ಶುರುವಾಗುತ್ತದೆ. ಕನ್ನಡದಲ್ಲೂ ಮಲಯಾಳದಲ್ಲೂ ಕಳಿಸಿ. ಹಳೆಯ ಗಿರಾಕಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ. "ಅಣ್ಣ, ನಿಮ್ಮ ಸಂಘದ ಮಹಾಸಭೆ ಆಗಸ್ಟಿನಲ್ಲಿ ಅಲ್ವಾ, ಮ್ಯಾಟರ್ ಮೊದಲೇ ಕೊಟ್ಟುಬಿಡಿ" ಅಂದರೆ ಅವರಿಗೆ ಸಂತೋಷವೇ ಆಗುತ್ತದೆ. ನಮ್ಮ ಕೆಲಸ ಇವರ ನೆನಪಿನಲ್ಲಿದೆ ಅಂತ ಅನ್ನಿಸುತ್ತದೆ.

ಆ ಮಾದರಿಯಲ್ಲಿ ತಿದ್ದಲು ಆಗುವುದಿಲ್ಲ ಅಂತ ಒಂದು ದಿನ ಹೇಳಿದ್ದೇನೆ, ಗಮನಿಸಿ. ಇಡೀ ತಯಾರಿಯಲ್ಲಿ ತುಂಬ ಮುಖ್ಯವಾದ ದಿನ ಅದು. ಬ್ರಹ್ಮಕಲಶದ ಆಮಂತ್ರಣವನ್ನೇ ತೆಗೆದುಕೊಳ್ಳಿ. ಗೌರವಾಧ್ಯಕ್ಷರು, ಅಧ್ಯಕ್ಷರು, ಉಪಾಧ್ಯಕ್ಷರು, ಒಂದೊಂದು ಉಪಸಮಿತಿಗೆ ಒಬ್ಬ ಸಂಚಾಲಕರು. ಪುಟ ತುಂಬ ಹೆಸರುಗಳು. ಒಂದು ಹೆಸರು ಬಿಟ್ಟುಹೋದರೆ ಒಂದು ಮನೆಗೇ ನೋವಾಗುತ್ತದೆ. ಹಾಗಾಗಿ ಕೊನೆಯ ಗಳಿಗೆಯಲ್ಲಿ ಹೆಸರು ಸೇರಿಸಿ ಅಂತ ಬರುವವರ ಮೇಲೆ ಸಿಟ್ಟು ಮಾಡುವ ಹಾಗಿಲ್ಲ. ಅವರಿಗೆ ಅದು ಮರ್ಯಾದೆಯ ಪ್ರಶ್ನೆ. ನಾವು ಮಾಡಬೇಕಾದದ್ದು ಆ ಗಳಿಗೆಯನ್ನು ಮೊದಲೇ ತಂದುಕೊಡುವುದು. ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಎಣಿಸಿ. ಮನೆಮನೆಗೆ ಆಮಂತ್ರಣ ಹಂಚಲು ಎಷ್ಟು ದಿನ ಬೇಕು ಅಂತ ಸಮಿತಿಯವರನ್ನೇ ಕೇಳಿ. ಅದಕ್ಕೆ ಪ್ರೆಸ್ಸಿನ ದಿನ ಸೇರಿಸಿ, ಮಡಚುವ ದಿನ ಸೇರಿಸಿ. ಆಗ ಬರುವ ತಾರೀಕನ್ನು ಅವರ ಮುಂದೆಯೇ ಬರೆಯಿರಿ. ಪ್ರೂಫನ್ನು ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಒಬ್ಬೊಬ್ಬರು ಒಂದೊಂದು ತಿದ್ದುತ್ತಾರೆ, ಒಬ್ಬರು ತಿದ್ದಿದ್ದನ್ನು ಇನ್ನೊಬ್ಬರು ಮತ್ತೆ ಬದಲಿಸುತ್ತಾರೆ. ಕಾಗದದಲ್ಲಿ ಪ್ರಿಂಟ್ ತೆಗೆದು ಕೊಡಿ. ಸಮಿತಿ ಸಭೆಯಲ್ಲಿ ಓದಲಿ. ಅಧ್ಯಕ್ಷರೂ ಕಾರ್ಯದರ್ಶಿಯೂ ತಾರೀಕು ಹಾಕಿ ಸಹಿ ಮಾಡಲಿ. ಸಹಿ ಬಿದ್ದ ಪ್ರೂಫ್ ಕೈಯಲ್ಲಿದ್ದರೆ ಆ ಕೆಲಸ ನಿಮ್ಮ ತಲೆಯಿಂದ ಇಳಿಯಿತು.

ತಲೆಯಿಂದ ಇಳಿಯುವುದು ಅಂದೆ. ಇದರ ಬಗ್ಗೆ ಮನಶ್ಶಾಸ್ತ್ರದವರು ಮಾಡಿದ ಕೆಲಸ ಒಂದಿದೆ, ಹೇಳಬೇಕು. ಬ್ಲೂಮಾ ಝೈಗಾರ್ನಿಕ್ ಎಂಬವರು ಬರ್ಲಿನ್ನಿನಲ್ಲಿ ಪ್ರಯೋಗ ಮಾಡಿ 1927ರಲ್ಲಿ ಬರೆದರು. ಮುಗಿದ ಕೆಲಸಕ್ಕಿಂತ ನಡುವೆ ನಿಂತ ಕೆಲಸವೇ ಜನರ ನೆನಪಿನಲ್ಲಿ ಜಾಸ್ತಿ ಉಳಿಯಿತು ಅಂತ ಅವರಿಗೆ ಕಂಡಿತು. ಆ ಪ್ರಯೋಗದ ಬಗ್ಗೆ ಆಮೇಲೆ ಸಾಕಷ್ಟು ಚರ್ಚೆ ನಡೆದಿದೆ. ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಇಬ್ಬರು ತೋರಿಸಿಕೊಟ್ಟದ್ದು. ಅರ್ಧಕ್ಕೆ ನಿಂತ ಕೆಲಸ ಬೇರೆ ಕೆಲಸದ ನಡುವೆ ಬಂದು ಕಾಡುತ್ತದೆ. ಆದರೆ ಅದನ್ನು ಯಾವಾಗ, ಹೇಗೆ ಮಾಡುವುದು ಅಂತ ಖಚಿತವಾಗಿ ಯೋಚಿಸಿಟ್ಟರೆ ಸಾಕು, ಆ ಕಾಟ ಕಡಿಮೆಯಾಗುತ್ತದೆ. ಕೆಲಸ ಮುಗಿಯಲೇಬೇಕು ಅಂತಿಲ್ಲ. ನಮ್ಮಂಥವರಿಗೆ ಇದು ಎಷ್ಟು ದೊಡ್ಡ ಸಮಾಧಾನ ನೋಡಿ. ನಮ್ಮ ಅಂಗಡಿಯಲ್ಲಿ ಎಲ್ಲ ಕೆಲಸ ಮುಗಿದ ದಿನ ಅಂತ ಒಂದು ಬರುವುದೇ ಇಲ್ಲ. ಎಲ್ಲ ಮುಗಿಸಿ ಹೋಗುತ್ತೇನೆ ಅಂತ ಹೊರಟವರು ಹೊರಡುವ ಹಿಂದಿನ ರಾತ್ರಿ ಬೆಳಗಿನವರೆಗೆ ಕೂರುತ್ತಾರೆ. ರಜೆಯ ಮೊದಲ ಎರಡು ದಿನ ತಲೆನೋವಿನಲ್ಲಿ ಕಳೆಯುತ್ತಾರೆ.

ಅದಕ್ಕೆ ಒಂದು ಬೈಂಡ್ ಪುಸ್ತಕ ಇಡಿ. ಒಂದು ಕೆಲಸಕ್ಕೆ ಒಂದು ಪುಟ. ಯಾರ ಕೆಲಸ, ಅವರ ಫೋನ್ ನಂಬರು. ಎಲ್ಲಿಗೆ ಬಂದು ನಿಂತಿದೆ. ಇನ್ನು ಮೊದಲು ಮಾಡಬೇಕಾದದ್ದು ಏನು, ಯಾವ ದಿನ. ಎಷ್ಟು ಮುಂಗಡ ಬಂದಿದೆ. "ಬಾಕಿ ಇದೆ" ಅಂತ ಸುಮ್ನೆ ಬರೆದರೆ ಪ್ರಯೋಜನ ಇಲ್ಲ. "ಆಗಸ್ಟ್ 1, ಬೆಳಗ್ಗೆ, ಸೊಸೈಟಿಯ ಲೋಗೋದ ಎರಡನೇ ಬಣ್ಣ ತೋರಿಸುವುದು" ಅಂತ ಬರೆದರೆ ತಲೆ ಅದನ್ನು ಬಿಡುತ್ತದೆ.

ಈಗ ಫೈಲಿಗೆ ಬರೋಣ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ರಜೆಯಲ್ಲಿ ನಮ್ಮನ್ನು ವಾಪಸ್ ಎಳೆಯುವುದು ಹೆಚ್ಚಾಗಿ ಇದೇ. ನೀವು ಊರಲ್ಲಿಲ್ಲ. ಪ್ರೆಸ್ಸಿನಲ್ಲಿ ಫೈಲ್ ತೆರೆದರು. ಕನ್ನಡ ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣಿಸುತ್ತಿದೆ. ಕಾರಣ ನಿಮಗೆ ಗೊತ್ತು. ನಾವು ಇನ್ನೂ ನುಡಿ, ಬರಹ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಕೂರಿಸುತ್ತೇವೆ. ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರವನ್ನು ಇಟ್ಟ ಫಾಂಟುಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆಕಾರ ಹೋಗುತ್ತದೆ, ಅಡಿಯ ಇಂಗ್ಲಿಷ್ ಉಳಿಯುತ್ತದೆ. ಮಲಯಾಳದ ಎಂಎಲ್-ಟಿಟಿ ಫಾಂಟುಗಳದ್ದೂ ಇದೇ ಕಥೆ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದ್ದೇ ಸಂಕೇತ ಇರುವ ಯೂನಿಕೋಡಿನಲ್ಲಿ ಈ ತೊಂದರೆ ಇಲ್ಲ. ಆದರೆ ಡಿಸೈನ್ ಸಾಫ್ಟ್‌ವೇರ್ ಆದ ಹಳೆಯ ಕೋರೆಲ್‌ನಲ್ಲಿ ಯೂನಿಕೋಡ್ ಹಾಕಿದರೆ ಒತ್ತಕ್ಷರ ಬೇರೆಯಾಗಿ ಪಕ್ಕಕ್ಕೆ ಕೂರುತ್ತದೆ. ಫೋಟೋಶಾಪ್, ಇನ್‌ಡಿಸೈನ್‌ನಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಕೂರಿಸುವ ವರ್ಲ್ಡ್-ರೆಡಿ ಕಂಪೋಸರ್ ಆರಿಸದಿದ್ದರೂ ಹಾಗೆಯೇ.

ಹಾಗಾಗಿ ಪ್ರತಿ ಕೆಲಸಕ್ಕೂ ಎರಡು ಫೈಲ್ ಬಿಟ್ಟುಹೋಗಿ. ಒಂದು ತಿದ್ದಲು ಬರುವ ಫೈಲ್, ಅದರ ಜೊತೆ ಬಳಸಿದ ಫಾಂಟುಗಳು ಮತ್ತು ಚಿತ್ರಗಳು ಒಂದೇ ಫೋಲ್ಡರಿನಲ್ಲಿ. ಇನ್‌ಡಿಸೈನ್‌ನಲ್ಲಿ ಪ್ಯಾಕೇಜ್ ಅಂತ ಒತ್ತಿದರೆ ಫಾಂಟು, ಚಿತ್ರ ಒಟ್ಟಾಗುತ್ತವೆ. ಎಲ್ಲ ಫಾಂಟುಗಳೂ ಬಂದಿವೆಯಾ ಅಂತ ಒಮ್ಮೆ ಕಣ್ಣಾಡಿಸಿ. ಇನ್ನೊಂದು, ಅಕ್ಷರಗಳನ್ನೆಲ್ಲ ಕರ್ವ್ ಮಾಡಿದ, ಅಂದರೆ ಫಾಂಟ್ ಬೇಡದ ಹಾಗೆ ಗೆರೆಗಳಾಗಿ ಬದಲಿಸಿದ, ಪಿಡಿಎಫ್. ಬಣ್ಣ ಸಿಎಂವೈಕೆ, ಅಂದರೆ ಮುದ್ರಣದ ನಾಲ್ಕು ಶಾಯಿಗಳ ಲೆಕ್ಕದಲ್ಲಿ. ಸುತ್ತ 3 ಮಿಲಿಮೀಟರ್ ಬ್ಲೀಡ್, ಅಂದರೆ ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು. ಫೋಲ್ಡರಿನ ಹೆಸರಿನಲ್ಲಿ ಗಿರಾಕಿಯ ಹೆಸರು, ಕೆಲಸ, ತಾರೀಕು ಇರಲಿ. "ಫೈನಲ್", "ಫೈನಲ್ 2", "ಹೊಸ ಫೈನಲ್" ಅಂತ ಮೂರು ಇದ್ದರೆ ನಿಮ್ಮ ಜಾಗದಲ್ಲಿ ಕೂತವರಿಗೆ ಯಾವುದನ್ನು ಕಳಿಸಬೇಕು ಅಂತ ಹೇಗೆ ಗೊತ್ತಾಗಬೇಕು? ಹಳೆಯದನ್ನು ಬೇರೆ ಫೋಲ್ಡರಿಗೆ ಹಾಕಿ, ಕಳಿಸಬೇಕಾದದ್ದು ಒಂದೇ ಉಳಿಯಲಿ. ಎಲ್ಲದರ ಒಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಗೂಗಲ್ ಡ್ರೈವಿನಲ್ಲಿ. ಆ ಹಾರ್ಡ್ ಡಿಸ್ಕನ್ನು ಅಂಗಡಿಯಲ್ಲೇ ಬಿಡಬೇಡಿ, ಮನೆಗೆ ಒಯ್ಯಿರಿ.

ಇದೆಲ್ಲ ಬೇರೆ ಊರಿನ ಡಿಸೈನರ್‌ಗೂ ಇರುವ ವಿಷಯ. ನಮಗೆ ಇದರ ಮೇಲೆ ಇನ್ನೊಂದು ಇದೆ. ನಮ್ಮಲ್ಲಿ ಸಹಾಯಕ್ಕೆ ಇರುವ ಹುಡುಗ, ಹುಡುಗಿಯರಲ್ಲಿ ಹಲವರು ಮಲಯಾಳ ಮಾಧ್ಯಮದಲ್ಲಿ ಕಲಿತವರು. ಸಾಫ್ಟ್‌ವೇರ್ ನಮಗಿಂತ ಚೆನ್ನಾಗಿ ಗೊತ್ತು. ಬಣ್ಣದ ತಿಳಿವಳಿಕೆಯೂ ಉಂಟು. ಆದರೆ ಕನ್ನಡ ಓದಲು ಬರುವುದಿಲ್ಲ, ಬಂದರೂ ನಿಧಾನ. ಷ ಇರಬೇಕಾದಲ್ಲಿ ಪ ಇದ್ದರೆ, ಮ ಇರಬೇಕಾದಲ್ಲಿ ವ ಇದ್ದರೆ ಅವರ ಕಣ್ಣಿಗೆ ಬೀಳುವುದಿಲ್ಲ. ಅಡ್ಕ, ಮೂಲೆ, ಕಾನ, ಬೈಲು ಅಂತ ಮುಗಿಯುವ ಮನೆ ಹೆಸರುಗಳಲ್ಲಿ ಒತ್ತಕ್ಷರ ತಪ್ಪಿದರೆ ಗೊತ್ತಾಗುವುದಿಲ್ಲ. ಅದು ಅವರ ತಪ್ಪಲ್ಲ. ಕನ್ನಡ, ಮಲಯಾಳ, ಇಂಗ್ಲಿಷ್ ಮೂರನ್ನೂ ತಿದ್ದಬಲ್ಲ ಕಣ್ಣು ಅಂಗಡಿಯಲ್ಲಿ ನಿಮ್ಮದೊಂದೇ ಇರುತ್ತದೆ. ಆ ಕಣ್ಣಿಗೆ ರಜೆ ಕೊಡಬೇಕಾದರೆ ಬದಲಿ ಬೇಕು.

ನಮ್ಮಲ್ಲಿ ಅದಕ್ಕೆ ಜನ ಇದ್ದಾರೆ. ಈ ಜಿಲ್ಲೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿಸಿ ನಿವೃತ್ತರಾದ ಮಾಷ್ಟ್ರುಗಳು, ಟೀಚರ್‌ಗಳು ಪ್ರತಿ ಊರಿನಲ್ಲೂ ಇದ್ದಾರೆ. ಅವರ ಕಣ್ಣಿಗೆ ತಪ್ಪು ಕೂಡಲೇ ಕಾಣುತ್ತದೆ. ರಜೆಗೆ ಹೊರಡುವ ಒಂದು ತಿಂಗಳ ಮೊದಲೇ ಒಬ್ಬರ ಮನೆಗೆ ಹೋಗಿ ಕೂತು ಮಾತಾಡಿ. "ಮಾಷ್ಟ್ರೇ, ಇಂತಿಷ್ಟು ದಿನ ಕನ್ನಡ ಪ್ರೂಫ್ ನಿಮ್ಮ ಹತ್ತಿರ ಬರಲಿ" ಅಂತ ಕೇಳಿ. ಪುಟಕ್ಕೆ ಇಷ್ಟು ಅಂತ ಹಣ ನಿಶ್ಚಯ ಮಾಡಿ. ಅವರು ಬೇಡ ಅಂದಾರು. ಆದರೂ ಕೊಡಿ. ಪುಕ್ಕಟೆ ಮಾಡಿಸಿಕೊಂಡ ಕೆಲಸಕ್ಕೆ ಇವತ್ತೇ ಬೇಕು ಅಂತ ಹೇಳುವ ಧೈರ್ಯ ನಿಮ್ಮ ಹುಡುಗನಿಗೆ ಬರುವುದಿಲ್ಲ. ಪ್ರೂಫನ್ನು ದೊಡ್ಡ ಅಕ್ಷರದಲ್ಲಿ ಕಾಗದದ ಮೇಲೆ ಪ್ರಿಂಟ್ ಮಾಡಿ ಕಳಿಸಿ, ಫೋನಿನಲ್ಲಿ ಓದಿಸಬೇಡಿ. ಜೊತೆಗೆ ಊರಿನ ಹೆಸರುಗಳ ಒಂದು ಪಟ್ಟಿ ಮಾಡಿಡಿ. ಕನ್ನಡದಲ್ಲಿ ಕುಂಬಳೆ, ಮಂಜೇಶ್ವರ, ಮಲಯಾಳದಲ್ಲಿ ಹೇಗೆ ಬರೆಯುತ್ತಾರೆ, ಇಂಗ್ಲಿಷಿನಲ್ಲಿ ಹೇಗೆ. ಈ ಪಟ್ಟಿ ಒಮ್ಮೆ ಮಾಡಿದರೆ ಎಷ್ಟು ವರ್ಷಕ್ಕೂ ಆಯಿತು.

ಇನ್ನು ಅಂಗಡಿಯಲ್ಲಿ ಕೂರುವವರ ಬಗ್ಗೆ. ಮನೆಯವರೆಲ್ಲ ಊರಿಗೆ ಹೋಗುವಾಗ ದನ ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳುತ್ತೇವಲ್ಲ, ಆಗ ಎಷ್ಟು ಹೇಳುತ್ತೇವೆ! ಹಿಂಡಿ ಎಷ್ಟು, ಹುಲ್ಲು ಎಲ್ಲಿದೆ, ಯಾವುದು ಒದೆಯುತ್ತದೆ, ಕಾಯಿಲೆಯಾದರೆ ಯಾರನ್ನು ಕರೆಯಬೇಕು. ಅಂಗಡಿಯಲ್ಲಿ ಮಾತ್ರ "ನೋಡ್ಕೋ ಆಯ್ತಾ, ಏನಾದ್ರೂ ಇದ್ರೆ ಫೋನ್ ಮಾಡು" ಅಂದು ಹೊರಟುಬಿಡುತ್ತೇವೆ. ಆ ಮಾತು ಹೇಳಿದ ಮೇಲೆ ಫೋನ್ ಬರುವುದು ಖಂಡಿತ. ಆ ಹುಡುಗನಿಗೆ ತಾನೇ ತೀರ್ಮಾನ ಮಾಡಬಹುದಾದದ್ದು ಯಾವುದು ಅಂತ ಗೊತ್ತಿಲ್ಲ. ಅದನ್ನು ಬರೆದುಕೊಡಿ. ಇಷ್ಟು ರೂಪಾಯಿವರೆಗಿನ ಕೆಲಸ ನೀನೇ ಒಪ್ಪಿಕೊ. ವಿಸಿಟಿಂಗ್ ಕಾರ್ಡ್, ರಶೀದಿ ಪುಸ್ತಕದ ಮರುಮುದ್ರಣ ನೀನೇ ಕಳಿಸು. ಹೊಸ ಲೋಗೋ, ಹೊಸ ಪುಸ್ತಕ ಬಂದರೆ ನಾನು ಬರುವ ತಾರೀಕು ಹೇಳು. ಫೋನ್ ಮಾಡಬೇಕಾದದ್ದು ಎರಡೇ ವಿಷಯಕ್ಕೆ: ಮುದ್ರಣ ಆದದ್ದರಲ್ಲಿ ದೊಡ್ಡ ತಪ್ಪು ಸಿಕ್ಕಿದರೆ, ಅಂಗಡಿಗೆ ಏನಾದರೂ ಅಪಾಯ ಆದರೆ. ಹೊರಡುವ ಮೊದಲಿನ ವಾರ ಒಂದು ಇಡೀ ದಿನ ಅವನೇ ನಡೆಸಲಿ, ನೀವು ಮನೆಯಲ್ಲಿರಿ. ಏನು ಹೇಳಲು ಬಾಕಿಯಾಗಿದೆ ಅಂತ ಆ ದಿನವೇ ಗೊತ್ತಾಗುತ್ತದೆ.

ಯಾರೂ ಇಲ್ಲದವರು, ಒಬ್ಬರೇ ನಡೆಸುವವರು ಏನು ಮಾಡಬೇಕು? ಇಲ್ಲಿ ನನ್ನದೊಂದು ಬಲವಾದ ಅಭಿಪ್ರಾಯ ಇದೆ. ನಾವು ಇನ್ನೊಬ್ಬ ಡಿಸೈನರನ್ನು ಪೈಪೋಟಿ ಅಂತ ನೋಡುವುದನ್ನು ಸ್ವಲ್ಪ ಬಿಡಬೇಕು. ಪೆರ್ಲದ ಅಂಗಡಿಯವರಿಗೂ ಮುಳ್ಳೇರಿಯದ ಅಂಗಡಿಯವರಿಗೂ ಗಿರಾಕಿಗಳು ಬೇರೆ ಬೇರೆ. ಇಬ್ಬರೂ ಮಾತಾಡಿಕೊಂಡು ರಜೆಯನ್ನು ಬೇರೆ ಬೇರೆ ವಾರ ಇಟ್ಟುಕೊಳ್ಳಬಹುದು. ನಾನಿಲ್ಲದಾಗ ನನ್ನವರ ತುರ್ತು ಕೆಲಸ ನೀವು ಮಾಡಿ, ಆ ಕೆಲಸದ ಹಣ ನಿಮಗೇ. ನೀವಿಲ್ಲದಾಗ ನಾನು. ಗಿರಾಕಿ ಮಾತ್ರ ಅವರವರಿಗೇ ವಾಪಸ್. ಇದನ್ನು ಬಾಯಿಮಾತಿನಲ್ಲಿ ಬಿಡಬೇಡಿ, ಅರ್ಧ ಪುಟದಲ್ಲಿ ಬರೆದು ಇಬ್ಬರೂ ಇಟ್ಟುಕೊಳ್ಳಿ. ಈ ಸಭೆ ಮುಗಿದ ಮೇಲೆ ಚಹಾ ಕುಡಿಯುವಾಗಲೇ ಜೋಡಿ ಹುಡುಕಿಕೊಳ್ಳಿ ಅಂತ ನನ್ನ ಆಸೆ.

ಫೋನಿನ ವಿಷಯದಲ್ಲಿ ಒಂದು ತಾಂತ್ರಿಕ ಮಾತು. ವಾಟ್ಸಾಪ್ ಬಿಸಿನೆಸ್‌ನಲ್ಲಿ "ಅವೇ ಮೆಸೇಜ್", ಅಂದರೆ ನಾವಿಲ್ಲದಾಗ ಹೋಗುವ ಸಂದೇಶ, ಅಂತ ಒಂದಿದೆ. ಯಾವ ದಿನದಿಂದ ಯಾವ ದಿನದವರೆಗೆ ಅಂತ ಹಾಕಿಟ್ಟರೆ ಬಂದವರಿಗೆ ತಾನಾಗಿ ಉತ್ತರ ಹೋಗುತ್ತದೆ. ಆದರೆ ಆ ಫೋನ್ ನೆಟ್ಟಿನಲ್ಲಿ ಇದ್ದರೆ ಮಾತ್ರ ಹೋಗುವುದು. ಫೋನ್ ಆಫ್ ಮಾಡಿ ಕಪಾಟಿನಲ್ಲಿಟ್ಟರೆ ಗಿರಾಕಿಗೆ ಏನೂ ಹೋಗುವುದಿಲ್ಲ, ಅವರು ಕಾಯುತ್ತಾ ಕೂರುತ್ತಾರೆ. ಆದ್ದರಿಂದ ಅಂಗಡಿಗೆ ಬೇರೆ ನಂಬರು, ಬೇರೆ ಫೋನ್ ಇರಲಿ. ಅದು ನಿಮ್ಮ ಹುಡುಗನ ಹತ್ತಿರವೋ ಜೋಡಿ ಅಂಗಡಿಯವರ ಹತ್ತಿರವೋ ಉಳಿಯಲಿ. ಜಿಮೇಲ್‌ನ ರಜೆ ಉತ್ತರಕ್ಕೆ ಈ ತೊಂದರೆ ಇಲ್ಲ, ನಿಮ್ಮ ಫೋನ್ ಆಫ್ ಇದ್ದರೂ ಅದು ಹೋಗುತ್ತದೆ. ಗೂಗಲ್ ಮ್ಯಾಪಿನಲ್ಲಿ ಅಂಗಡಿ ಹಾಕಿದವರು ಅಲ್ಲಿಯೂ ರಜೆಯ ದಿನ ಹಾಕಿ. ದೂರದಿಂದ ಮಳೆಯಲ್ಲಿ ಬಂದವರು ಮುಚ್ಚಿದ ಬಾಗಿಲು ನೋಡಿ ಹೋಗಬಾರದು.

ಹಣದ ಮಾತು ಬೇಗ ಮುಗಿಸುತ್ತೇನೆ. ರಜೆಗೆ ಮೂರು ವಾರ ಇರುವಾಗಲೇ ಎಲ್ಲ ಬಿಲ್ ಕಳಿಸಿ. ಉದ್ಯಮ್ ಎಂಬ ಸರ್ಕಾರಿ ನೋಂದಣಿ ಮಾಡಿದ ಸಣ್ಣ ಘಟಕಗಳಿಗೆ 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ದಿಮೆಗಳ) ಕಾಯ್ದೆಯ ಬಲ ಇದೆ. ಬರಹದ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಹಣ ತಡೆಯುವ ಹಾಗಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಕಂಪನಿ, ಸಂಸ್ಥೆಗಳ ಬಿಲ್ಲಿನ ಕೆಳಗೆ ಇದನ್ನು ಒಂದು ಸಾಲು ಬರೆಯಿರಿ. ಜಿಎಸ್‌ಟಿ ಇರುವವರು ತಾರೀಕು ನೋಡಿಕೊಳ್ಳಿ. ತಿಂಗಳು ತಿಂಗಳು ಹಾಕುವವರಿಗೆ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ ರಿಟರ್ನ್ 3ಬಿ. 3ಬಿ ತಡವಾದರೆ ದಿನಕ್ಕೆ 50 ರೂಪಾಯಿ, ಶೂನ್ಯ ರಿಟರ್ನ್ ಆದರೂ 20. ನಾನು ಮಾದರಿಗೆ ಹೇಳಿದ ಜುಲೈ 20 ಅದೇ ದಿನ, ನೋಡಿ. ಒಟಿಪಿ ನಿಮ್ಮ ಫೋನಿಗೇ ಬರುವುದಾದ್ದರಿಂದ ಲೆಕ್ಕ ಬರೆಯುವವರ ಹತ್ತಿರ ಮಾತಾಡಿ ಹೊರಡುವ ಮೊದಲೇ ಹಾಕಿಸಿ. ಅಂಗಡಿ ಬಾಡಿಗೆ, ಕರೆಂಟ್ ಬಿಲ್, ಗಿರಾಕಿಗಳ ವೆಬ್‌ಸೈಟ್ ಹೆಸರಿನ ನವೀಕರಣ, ಇವೂ ಅದೇ ಪುಸ್ತಕದ ಒಂದು ಪುಟದಲ್ಲಿ ಇರಲಿ.

ಅಂಗಡಿಯ ಒಳಗೆ ನೋಡಬೇಕಾದದ್ದು ಮಳೆ ಮತ್ತು ಸಿಡಿಲು. ಏಪ್ರಿಲ್, ಮೇ ಮತ್ತು ತುಲಾ ತಿಂಗಳ ರಜೆಯಾದರೆ ಕಂಪ್ಯೂಟರ್, ಯುಪಿಎಸ್, ನೆಟ್ಟಿನ ರೂಟರ್ ಎಲ್ಲದರ ಪ್ಲಗ್ ಕಿತ್ತಿಡಿ. ರೂಟರಿಗೆ ಬರುವ ವಯರನ್ನೂ ಕಿತ್ತಿಡಿ. ಆಟಿಯಾದರೆ ತೇವದ ಕಾಟ. ಕಟ್ಟು ಬಿಚ್ಚಿದ ಆರ್ಟ್ ಕಾರ್ಡ್, ಅಂದರೆ ದಪ್ಪ ಹೊಳಪಿನ ಕಾಗದ, ಹಾಗೇ ಬಿಟ್ಟರೆ ಬಂದು ನೋಡುವಾಗ ಅಂಚು ಸುರುಟಿಕೊಂಡಿರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ನೆಲದಿಂದ ಮೇಲೆ, ಗೋಡೆಗೆ ತಾಗದ ಹಾಗೆ ಇಡಿ. ಇಂಕ್ ಟ್ಯಾಂಕ್ ಪ್ರಿಂಟರನ್ನು ತುಂಬ ದಿನ ಸುಮ್ಮನೆ ಬಿಟ್ಟರೆ ಹೆಡ್ ಒಣಗುತ್ತದೆ. ವಾರಕ್ಕೊಮ್ಮೆ ಒಂದು ನಾಝಲ್ ಚೆಕ್, ಅಂದರೆ ಶಾಯಿ ಸರಿಯಾಗಿ ಬರುತ್ತದೆಯಾ ಅಂತ ನೋಡುವ ಪುಟ, ತೆಗೆಯಲು ಯಾರಿಗಾದರೂ ಬೀಗದ ಕೈ ಕೊಟ್ಟುಹೋಗಿ.

ಇಷ್ಟೆಲ್ಲ ಮಾಡಿ ರಜೆ ಸಿಕ್ಕಿತು. ಅದನ್ನು ಏನು ಮಾಡುವುದು? ನ್ಯೂಯಾರ್ಕಿನ ಡಿಸೈನರ್ ಸ್ಟೆಫಾನ್ ಸಾಗ್‌ಮೈಸ್ಟರ್ ಏಳು ವರ್ಷಕ್ಕೊಮ್ಮೆ ತಮ್ಮ ಸ್ಟುಡಿಯೋವನ್ನು ಒಂದು ವರ್ಷ ಮುಚ್ಚುತ್ತಿದ್ದರು ಅಂತ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಅಷ್ಟು ದೊಡ್ಡ ರಜೆ ನಮ್ಮಿಂದ ಆಗುವುದಿಲ್ಲ. ಅವರ ಅನುಭವದಲ್ಲಿ ನಮಗೆ ಬೇಕಾದದ್ದು ಬೇರೆ ಇದೆ. ಮೊದಲ ಸಲ ಯಾವ ಯೋಜನೆಯೂ ಇಲ್ಲದೆ ಸುಮ್ಮನೆ ಖಾಲಿ ಇರುತ್ತೇನೆ ಅಂತ ಅವರು ಶುರು ಮಾಡಿದರು. ಆಗ ಬೇರೆಯವರ ಸಣ್ಣ ಸಣ್ಣ ಬೇಡಿಕೆಗಳಿಗೆ ಉತ್ತರ ಕೊಡುವುದರಲ್ಲೇ ದಿನ ಹೋಗತೊಡಗಿತಂತೆ. ಆಮೇಲೆ ಇಷ್ಟದ ಕೆಲಸಗಳ ಪಟ್ಟಿ ಮಾಡಿ, ಅವಕ್ಕೆ ಸಮಯ ಗೊತ್ತುಮಾಡಿಕೊಂಡರು. ನಮ್ಮಲ್ಲಿ ನಡೆಯುವುದೂ ಇದೇ. ನೆಂಟರ ಮನೆಗೆ ಹೋದರೆ "ನೀನು ಡಿಸೈನರ್ ಅಲ್ವಾ, ನಮ್ಮ ಭಜನಾ ಮಂದಿರಕ್ಕೆ ಒಂದು ಪೋಸ್ಟರ್ ಮಾಡಿಕೊಡು" ಅನ್ನುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. "ಖಂಡಿತ ಮಾವ, ಆಗಸ್ಟ್ 5ಕ್ಕೆ ಅಂಗಡಿಗೆ ಮ್ಯಾಟರ್ ಕಳಿಸಿ" ಅನ್ನಿ. ಲ್ಯಾಪ್‌ಟಾಪ್ ಜೊತೆಗೆ ತರದಿದ್ದರೆ ಹೀಗೆ ಹೇಳುವುದು ಇನ್ನೂ ಸುಲಭ.

ಊರು ಸುತ್ತಲೇಬೇಕು ಅಂತಿಲ್ಲ ಅಂದೆನಲ್ಲ. ದಿನವಿಡೀ ಸ್ಕ್ರೀನ್ ನೋಡುವ ಕಣ್ಣಿಗೂ ಬಗ್ಗಿದ ಕುತ್ತಿಗೆಗೂ ಆಟಿಯ ಮನೆ ಸಾಕು. ಪತ್ರೊಡೆ, ಹಲಸಿನ ಬೀಜ, ಹೊರಗೆ ಮಳೆ, ಮಧ್ಯಾಹ್ನದ ನಿದ್ದೆ. ಆದರೆ ಮನೆಯಿಂದಲೇ ಡಿಸೈನ್ ಕೆಲಸ ಮಾಡುವ ಅಕ್ಕಂದಿರು ಇಲ್ಲಿ ಇದ್ದೀರಿ. ನಿಮ್ಮ ಹತ್ತಿರ ಈ ಮಾತನ್ನು ಇಷ್ಟು ಸುಲಭವಾಗಿ ಹೇಳಲಾರೆ. ಕಂಪ್ಯೂಟರ್ ಮುಚ್ಚಿದ ಕೂಡಲೇ ಅಡುಗೆಮನೆಯ ಕೆಲಸ ಇಮ್ಮಡಿಯಾದರೆ ಅದು ರಜೆಯಲ್ಲ. ಪತ್ರೊಡೆಯ ಎಲೆ ಕೊಯ್ಯುವುದು ಯಾರು, ಅಕ್ಕಿ ಕಡೆಯುವುದು ಯಾರು ಅಂತ ಮನೆಯವರ ಜೊತೆ ಮೊದಲೇ ಮಾತಾಡಬೇಕು. ಗಿರಾಕಿಗಳಿಗೆ ಹೇಳಿದಷ್ಟೇ ಸ್ಪಷ್ಟವಾಗಿ ಮನೆಯಲ್ಲೂ ಹೇಳಿ. ಗಂಡಸರು ಕೂತಿದ್ದೀರಿ, ನೀವೂ ಇದನ್ನು ಕೇಳಿಸಿಕೊಳ್ಳಿ.

ಎಷ್ಟು ದಿನ ಬೇಕು ಅಂತ ಒಬ್ಬರು ಕೇಳಿದರು. ದೀರ್ಘ ರಜೆಯ ಮೇಲೆ ನೆದರ್ಲೆಂಡ್ಸಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಜನರ ಆರೋಗ್ಯ, ಸಂತೋಷ ಎಂಟನೇ ದಿನದ ಹೊತ್ತಿಗೆ ಮೇಲಕ್ಕೆ ಮುಟ್ಟಿತ್ತು. ಕೆಲಸಕ್ಕೆ ವಾಪಸ್ ಬಂದ ಮೊದಲ ವಾರದಲ್ಲೇ ಅದು ಮೊದಲಿನ ಮಟ್ಟಕ್ಕೆ ಇಳಿದಿತ್ತು. ಹಾಗಾಗಿ ವರ್ಷಕ್ಕೊಂದು ದೊಡ್ಡ ರಜೆಗೆ ಕಾಯುವುದಕ್ಕಿಂತ ಆಟಿಯಲ್ಲಿ ಒಂದು, ಕ್ರಿಸ್‌ಮಸ್ ಹೊತ್ತಿಗೆ ಒಂದು ಸಣ್ಣದು ಇಟ್ಟುಕೊಳ್ಳುವುದು ನನಗೆ ಸರಿ ಅನ್ನಿಸುತ್ತದೆ.

ಗಿರಾಕಿ ಬೇರೆ ಕಡೆ ಹೋದರೆ ಏನು ಮಾಡುವುದು ಅಂತ ಇನ್ನೊಬ್ಬರು ಕೇಳಿದರು. ಕೆಲವರು ಹೋಗುತ್ತಾರೆ. ಇವತ್ತು ಮ್ಯಾಟರ್ ಕೊಟ್ಟು ನಾಳೆ ಬೇಕು ಅನ್ನುವವರು ಹೋಗುತ್ತಾರೆ. ಅವರು ನೀವು ಅಂಗಡಿಯಲ್ಲಿ ಇದ್ದಾಗಲೂ ಹತ್ತು ರೂಪಾಯಿ ಕಡಿಮೆಗೆ ಹೋಗುವವರೇ. ಹೆಸರಿನ ಕಾಗುಣಿತ ಸರಿ ಇರಬೇಕು, ಮೂರು ಭಾಷೆಯಲ್ಲೂ ಅಂದವಾಗಿ ಕೂರಬೇಕು ಅನ್ನುವವರು ಕಾಯುತ್ತಾರೆ. ಯಾಕೆಂದರೆ ಅಂಥ ಕೆಲಸ ಮಾಡುವವರು ಈ ಗಡಿಯಲ್ಲಿ ಬಹಳ ಜನ ಇಲ್ಲ.

ವಾಪಸ್ ಬರುವ ದಿನದ ಬಗ್ಗೆ ಕೊನೆಗೆ. ಗಿರಾಕಿಗಳಿಗೆ 31 ಅಂತ ಹೇಳಿದ್ದರೆ ನೀವು 30ಕ್ಕೇ ಅಂಗಡಿಗೆ ಬನ್ನಿ, ಶಟರ್ ಅರ್ಧ ಎಳೆದುಕೊಂಡು ಕೂತುಕೊಳ್ಳಿ. ಮೊದಲು ಆ ಬೈಂಡ್ ಪುಸ್ತಕ ತೆರೆಯಿರಿ, ವಾಟ್ಸಾಪ್ ಆಮೇಲೆ. ವಾಟ್ಸಾಪ್ ಮೊದಲು ತೆರೆದರೆ ಯಾರು ಜೋರಾಗಿ ಕೇಳುತ್ತಾರೋ ಅವರ ಕೆಲಸ ಮುಂದೆ ಬರುತ್ತದೆ. ಪುಸ್ತಕದಲ್ಲಿ ಬರೆದಿಟ್ಟ ಕೆಲಸಗಳಿಗೆ ದಿನ ಹಾಕಿ. ಪ್ಲಗ್ ಹಾಕಿ, ಪ್ರಿಂಟರ್ ನೋಡಿ, ಒಂದು ಪ್ರೂಫ್ ತೆಗೆಯಿರಿ. ಅಂಗಡಿ ನೋಡಿಕೊಂಡವರಿಗೆ, ಪ್ರೂಫ್ ತಿದ್ದಿದ ಮಾಷ್ಟ್ರಿಗೆ ಕೊಡಬೇಕಾದ ಹಣ ಅವತ್ತೇ ಕೊಡಿ. ಆಮೇಲೆ ಬಂದ ಸಂದೇಶಗಳಿಗೆ ಉತ್ತರ ಬರೆಯಿರಿ. ಮೊದಲ ವಾರದಲ್ಲಿ ಯಾರಿಗೂ ಮರುದಿನವೇ ಕೊಡುತ್ತೇನೆ ಅಂತ ಒಪ್ಪಬೇಡಿ.